ಚಂದಾದಾರರ ಪಟ್ಟಿ

2025ರ ಜನವರಿಯಲ್ಲಿ ನಮ್ಮ ಹಿರಿಯ ಗೆಳೆಯರೊಬ್ಬರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೂರನೇ ದಿನ ಅವರ ಹೆಂಡತಿ ಒಂದು ಗೋಣಿಚೀಲ ಎಳೆದು ತಂದು ನಮ್ಮ ಮುಂದೆ ಇಟ್ಟರು. "ಇದ್ರಾಗೆ ಬರೀ ಪೇಪರ್ ಐತೆ. ಗುಜರಿಯವ್ನಿಗೆ ಹಾಕಾಕೆ ಮನಸು ಬರಲಿಲ್ಲ. ನೀವೇ ಏನಾರ ಮಾಡ್ರಪ್ಪಾ" ಅಂದರು. ಚೀಲದಲ್ಲಿ ಕರಪತ್ರಗಳು, ಸೈಕ್ಲೋಸ್ಟೈಲ್ ಹಾಳೆಗಳು, ಜಾಥಾಕ್ಕೆ ಚಂದಾ ಎತ್ತಿದ ರಸೀದಿ ಪುಸ್ತಕಗಳು, ಗೆದ್ದಲು ತಿಂದು ಉಳಿಸಿದ ಪತ್ರಿಕೆಗಳು. ತಳದಲ್ಲಿ ಕೆಂಪು ಬಟ್ಟೆ ರಟ್ಟಿನ ಒಂದು ಖಾತೆ ಪುಸ್ತಕ. ಮೊದಲ ಪುಟದಲ್ಲಿ 1983 ಅಂತ ಬರೆದು, ಕೆಳಗೆ ಗೆರೆ ಹೊಡೆದು, ಚಂದಾದಾರರ ಪಟ್ಟಿ.

ಮೂವತ್ತೇಳು ಹೆಸರು. ಚಿತ್ರದುರ್ಗ ತಾಲ್ಲೂಕಿನವು ಹದಿನಾಲ್ಕು, ಹಿರಿಯೂರು ಒಂಬತ್ತು, ಹೊಸದುರ್ಗ ಎಂಟು, ಹೊಳಲ್ಕೆರೆ ಆರು. ಹೆಸರಿನ ಮುಂದೆ ಊರು, ಊರಿನ ಮುಂದೆ ಕಟ್ಟಿದ ಹಣ. ಕೆಲವು ಕಡೆ ಹಣದ ಬದಲು 'ಎರಡು ಸೇರು ರಾಗಿ' ಅಂತಲೂ ಇದೆ. ಒಂದು ಕಡೆ 'ಕೊಟ್ಟಿಲ್ಲ, ಕೇಳಬಾರದು' ಅಂತ ಇದೆ.

ಆ ಕಾಲ ನಮ್ಮಲ್ಲಿ ಒಬ್ಬರಿಗೆ ಮಾತ್ರ ನೆನಪಿದೆ. 1973ರ ಬೂಸಾ ಗಲಾಟೆ ಆಗಿ, ದಲಿತ ಸಂಘರ್ಷ ಸಮಿತಿ ಹುಟ್ಟಿ, 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆದ ಮೇಲಿನ ದಿನಗಳು. ಬಿ. ಕೃಷ್ಣಪ್ಪನವರ ಹುಟ್ಟೂರು ಹರಿಹರ ಆಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಪತ್ರಿಕೆ ಅಂದರೆ ಆಗ ಹದಿನಾರು ಪುಟ, ಇಪ್ಪತ್ತು ಪುಟ. ಅಂಚೆಗೆ ದುಡ್ಡಿದ್ದರೆ ಬುಕ್ ಪೋಸ್ಟು, ಇಲ್ಲದಿದ್ದರೆ ಸೈಕಲ್ಲು. ಒಬ್ಬ ಓದಿದರೆ ಹತ್ತು ಜನ ಕೇಳುವರು.

ಈ ಮೂವತ್ತೇಳು ಜನ ಈಗ ಏನಾದರು? ಈ ಪ್ರಶ್ನೆ ಹಿಡಿದುಕೊಂಡು ಒಂದು ವರ್ಷ ತಿರುಗಿದೆವು. ಅದರ ಲೆಕ್ಕ ಒಪ್ಪಿಸಲಿಕ್ಕೆ ಈ ಬರಹ.

ನಾವು ಅಂದರೆ ಮೂರು ಜನ. ಒಬ್ಬರು ಪ್ರೈಮರಿ ಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು. ಆ ಪಟ್ಟಿ ಬರೆದವರ ಜೊತೆ ಸೈಕಲ್ಲು ತುಳಿದವರು. ಇನ್ನೊಬ್ಬರು ಅಂಗನವಾಡಿ ಟೀಚರು, ನಾವೆಲ್ಲ ಅಕ್ಕ ಅಂತೀವಿ. ಮೂರನೆಯವನು ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕನಾಗಿ, ಸಂಬಳ ಯಾವಾಗ ಬರುತ್ತೆ ಅಂತ ಕಾಯುತ್ತಾ ಕೂತಿರುವ ಹುಡುಗ. ಸರ್ಕಾರಿ ಬಸ್ಸಾದರೆ ಅಕ್ಕನಿಗೆ ಟಿಕೀಟಿನ ದುಡ್ಡಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ. ಆದರೆ ನಮ್ಮ ಕಡೆ ಹಳ್ಳಿಗಳಿಗೆ ಹೋಗುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಮೂವರದ್ದೂ ದುಡ್ಡೇ. ಭಾನುವಾರ, ರಜಾದಿನ ಅಂತ ನೋಡಿಕೊಂಡು ಹೊರಡುತ್ತಿದ್ದೆವು.

*

ಫೆಬ್ರವರಿಯಲ್ಲಿ ದುರ್ಗದಿಂದಲೇ ಶುರುಮಾಡಿದೆವು. ಪೇಟೆಯ ವಿಳಾಸಗಳು ಸುಲಭ ಅಂದುಕೊಂಡಿದ್ದೇ ತಪ್ಪಾಯಿತು. ಕೇರಿಗಳ ಹೆಸರು ಬದಲಾಗಿವೆ. ಎಲ್ಲ ಕಡೆ 'ನಗರ', 'ಬಡಾವಣೆ'. ಹೆಸರು ಬದಲಾದರೂ ಚರಂಡಿ ಮಾತ್ರ ಹಳೇ ಜಾಗದಲ್ಲೇ ಹರಿಯುತ್ತಿದೆ. ಹದಿನಾಲ್ಕರಲ್ಲಿ ಆರು ಜನ ಸತ್ತಿದ್ದರು. ಸತ್ತವರ ಮಕ್ಕಳು ನಮ್ಮನ್ನು ಮೊದಲು ಎಲ್‌ಐಸಿಯವರು ಅಂದುಕೊಂಡರು, ಆಮೇಲೆ ಸಾಲ ವಸೂಲಿಯವರು ಅಂದುಕೊಂಡರು. ಖಾತೆ ಪುಸ್ತಕ ತೆಗೆದು ಅಪ್ಪನ ಹೆಸರು ತೋರಿಸಿದರೆ ಒಬ್ಬ ಆಟೋ ಓಡಿಸುವವನು ಗಾಡಿ ಆಫ್ ಮಾಡಿ, "ನಮ್ಮಪ್ಪ ಪತ್ರಿಕೆ ತರಿಸ್ತಿದ್ನಾ? ಅವ್ನಿಗೆ ಓದಾಕೇ ಬರ್ತಿರ್ಲಿಲ್ಲ" ಅಂದ. ಹೌದು, ಓದಲು ಬಾರದವನು ಪತ್ರಿಕೆ ತರಿಸಿ, ಇನ್ನೊಬ್ಬರಿಂದ ಓದಿಸಿ ಕೇಳುತ್ತಿದ್ದ. ಮೇಷ್ಟ್ರು ಅದನ್ನು ಹೇಳಿದಾಗ ಆ ಹುಡುಗ ಸುಮ್ಮನೆ ಆ ಹೆಸರಿನ ಮೇಲೆ ಬೆರಳಾಡಿಸಿದ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ.

ಇನ್ನೊಂದು ದಿನ ಕವಾಡಿಗರಹಟ್ಟಿಯ ಕಡೆ ಹೋದೆವು. 2023ರ ಜುಲೈ ಕೊನೆಯಲ್ಲಿ ಅಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಮಲಗಿದ್ದು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದು, ಕೆಲವರು ಮನೆಗೆ ವಾಪಸು ಬರದೇ ಹೋಗಿದ್ದು ನಿಮಗೆ ನೆನಪಿರಬಹುದು. ಜಿಲ್ಲಾ ಕೇಂದ್ರ, ಊರೊಳಗಿನ ಹಟ್ಟಿ, ಮನೆ ಮುಂದಿನ ನಲ್ಲಿ. ಬರದ ಹಳ್ಳಿಯ ಕಥೆ ಅಲ್ಲ ಇದು. ಒಂದು ಮನೆಯಲ್ಲಿ ಕೂತೆವು. ಆ ತಾಯಿ ಚೊಂಬಿನಲ್ಲಿ ನೀರು ತಂದುಕೊಟ್ಟರು. ನಾವು ಮೂವರೂ ಒಂದು ಕ್ಷಣ ಚೊಂಬಿನೊಳಗೆ ಇಣುಕಿದೆವು. ಅವರು ಅದನ್ನು ನೋಡಿಬಿಟ್ಟರು. "ಕುಡೀರಿ, ಕ್ಯಾನ್ ನೀರು. ಈಗ ದುಡ್ಡು ಕೊಟ್ಟೇ ತರ್ತೀವಿ" ಅಂದರು. ಆ ದಿನ ನಾಚಿಕೆಯಾಯಿತು. ಆ ನಾಚಿಕೆ ಮುಂದೆ ಆಗಲಿದ್ದ ನಾಚಿಕೆಯ ಮುಂದೆ ಏನೂ ಅಲ್ಲ ಅಂತ ಆಗ ಗೊತ್ತಿರಲಿಲ್ಲ.

ಸಂಜೆ ಕೋಟೆ ಹತ್ತಿದೆವು. ಟೂರಿಸ್ಟರು ಓಬವ್ವನ ಕಿಂಡಿಯ ಹತ್ತಿರ ನಿಂತು ಸೆಲ್ಫಿ ಹೊಡೆಯುತ್ತಿದ್ದರು. ಓಬವ್ವನ ಕೈಯ ಒನಕೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. 1972ರ ಸಿನಿಮಾ ಬಂದ ಮೇಲಂತೂ ಎಳೇ ಮಕ್ಕಳಿಗೂ ಒನಕೆ ಗೊತ್ತು. ಆದರೆ ಅವಳು ಆ ಕಿಂಡಿಯ ಹತ್ತಿರ ಹೋಗಿದ್ದಾದರೂ ಯಾಕೆ? ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಅವನಿಗೆ ನೀರು ತರಲು ಹೋಗಿದ್ದಳು ಅಂತ ಜನ ಹೇಳುತ್ತಾರೆ. ಅಲ್ಲೇ ಹತ್ತಿರ ತಣ್ಣೀರು ದೋಣಿ ಇದೆ. ನೀರಿಗೆ ಹೋದ ಹೆಣ್ಣುಮಗಳು ಹೈದರಾಲಿಯ ಸೈನಿಕರನ್ನು ಕಂಡಳು. 2021ರಿಂದ ಸರ್ಕಾರ ನವೆಂಬರ್ 11ಕ್ಕೆ ಅವಳ ಜಯಂತಿ ಮಾಡುತ್ತಿದೆ. ಒಳ್ಳೆಯದೇ. ಆದರೆ ಅವಳ ಒನಕೆಗೆ ಹಾರ ಹಾಕುವವರು ಅವಳ ಕೊಡದ ಬಗ್ಗೆಯೂ ಒಂದು ಮಾತು ಆಡಬೇಕಲ್ಲ?

ಕೋಟೆಯ ಇನ್ನೊಂದು ಮಗ್ಗುಲಿಗೆ ಚಂದ್ರವಳ್ಳಿ. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನ ಇದೆ. ಕೆರೆ ಕಟ್ಟಿಸಿದವನ ಹೆಸರು ಸಾವಿರದ ಆರುನೂರು ವರ್ಷದಿಂದ ಕಲ್ಲಿನಲ್ಲಿ ಉಳಿದಿದೆ. ಮಣ್ಣು ಹೊತ್ತವರ ಹೆಸರು ಇಲ್ಲ. ಆ ಕೆರೆಯ ನೀರು ಯಾರು ಮುಟ್ಟಬಹುದಿತ್ತು, ಯಾರು ಮುಟ್ಟಬಾರದಿತ್ತು ಅನ್ನುವುದೂ ಇಲ್ಲ.

*

ಏಪ್ರಿಲ್‌ನ ಉರಿಬಿಸಿಲಲ್ಲಿ ಹಿರಿಯೂರು. ಮಾರಿಕಣಿವೆ ನೋಡದೆ ಹಿರಿಯೂರಿಂದ ಬಂದೆ ಅಂದರೆ ಯಾರೂ ನಂಬುವುದಿಲ್ಲ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಕಟ್ಟೆ, ಮೈಸೂರಿನ ಮಹಾರಾಣಿಯವರ ಹೆಸರಲ್ಲಿ ವಾಣಿವಿಲಾಸ ಸಾಗರ. 130 ಅಡಿ ನೀರು ನಿಲ್ಲುವ ಆ ಕಟ್ಟೆ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಬಿಟ್ಟು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಭದ್ರೆಯ ನೀರು ಈ ಕಡೆ ಹರಿದು ಬರಲು ಶುರುವಾದ ಮೇಲೆ ಜನಕ್ಕೆ ಆಸೆ ಹುಟ್ಟಿದೆ. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆ ಮಾಡಿದ್ದನ್ನು ಟೀ ಅಂಗಡಿಯಲ್ಲಿ ಕೂತ ಅಜ್ಜಂದಿರೂ ಬಾಯಿಪಾಠ ಹೇಳುತ್ತಾರೆ. "ಘೋಷಣೆ ಬಂತು, ದುಡ್ಡು ದಾರ್‍ಯಾಗೆ ಐತೆ" ಅಂತ ನಗುತ್ತಾರೆ.

ಪಟ್ಟಿಯ ಇಪ್ಪತ್ತನೇ ಹೆಸರಿನವರು ಕಾಲುವೆ ಬಯಲಿನ ಒಂದು ಹಳ್ಳಿಯಲ್ಲಿ ಸಿಕ್ಕಿದರು. ಎಂಬತ್ತು ದಾಟಿದೆ. ಇಡೀ ಆಯುಷ್ಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ರಾತ್ರಿ ಕಂದೀಲು ಹಿಡಿದು ಕಾಲುವೆ ಮೇಲೆ ತಿರುಗುವುದು. "ಐವತ್ತು ವರ್ಷ ಅವರಿವರ ಗದ್ದೆಗೆ ನೀರು ಬಿಟ್ಟೆ ಕಣಪ್ಪಾ. ನನ್ನ ಗದ್ದೆಗೆ ಬಿಡಾನ ಅಂದ್ರೆ ಗದ್ದೆ ಎಲ್ಲೈತೆ?" ಅಂದರು.

ಗದ್ದೆ ಇಲ್ಲದಿದ್ದರೂ ಹೊಲ ಇತ್ತು. ಅವರ ಅಪ್ಪನಿಗೆ ಸರ್ಕಾರ ಎರಡು ಎಕರೆ ಮಂಜೂರು ಮಾಡಿತ್ತು. ಮಗಳ ಮದುವೆಗೆ ಅಂತ ಕೈಸಾಲ ತಂದಿದ್ದಕ್ಕೆ ಅಪ್ಪ ಹೆಬ್ಬೆಟ್ಟು ಒತ್ತಿದ, ಹೊಲ ಹೋಯಿತು. ಮಂಜೂರಾದ ಜಮೀನು ಪರಭಾರೆ ಮಾಡಬಾರದು ಅಂತ 1978ರಲ್ಲಿ ಕಾನೂನು ಬಂದಿದ್ದು ಅವರಿಗೆ ಗೊತ್ತಾಗಿದ್ದು ನಮ್ಮ ಪತ್ರಿಕೆಯಿಂದಂತೆ. ಅರ್ಜಿ ಹಾಕಲು ಧೈರ್ಯ ಬರಲು ಇಪ್ಪತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ 'ತಡವಾಯಿತು' ಅನ್ನುವ ಒಂದೇ ಮಾತಿಗೆ ಕೇಸು ಬಿದ್ದುಹೋಯಿತು. 2023ರಲ್ಲಿ ಆ ಕಾನೂನಿಗೆ ತಿದ್ದುಪಡಿ ಆಗಿ, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸೇರಿಸಿದ್ದಾರೆ. ಅದನ್ನು ನಾವು ಹೇಳಿದೆವು. ಅವರು ಒಳಗೆ ಹೋಗಿ ಟ್ರಂಕು ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಂಜೂರಾತಿ ಪತ್ರ ತಂದು ನಮ್ಮ ಹುಡುಗನ ಕೈಗೆ ಕೊಟ್ಟರು. "ನಾನು ಬದುಕಿರ್ತೀನೋ ಇಲ್ವೋ, ನೀನು ನೋಡ್ಕಳಪ್ಪಾ" ಅಂದರು. ಜೂನ್ ತಿಂಗಳಲ್ಲಿ ಹುಡುಗ ಅವರ ಜೊತೆ ಹೋಗಿ ಹೊಸ ಅರ್ಜಿ ಹಾಕಿಸಿ ಬಂದಿದ್ದಾನೆ. ಆ ವರ್ಷ ನಾವು ಮಾಡಿದ ಕೆಲಸಗಳಲ್ಲಿ ಕೆಲಸ ಅನ್ನಬಹುದಾದದ್ದು ಅದೊಂದು.

*

ಮೇ 5ರಿಂದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಶುರುವಾಯಿತು. ಮೊಬೈಲ್ ಹಿಡಿದು ಮೇಷ್ಟ್ರುಗಳು ಮನೆಮನೆಗೆ ಬಂದರು. ಪರಿಶಿಷ್ಟ ಜಾತಿ ಅಂದರೆ ಸಾಲದು, ಪಟ್ಟಿಯಲ್ಲಿರುವ 101ರಲ್ಲಿ ಯಾವುದು ಹೇಳಿ. ಆದಿ ಕರ್ನಾಟಕ ಅಂದರೂ ಸಾಲದು, ಅದರೊಳಗೆ ಯಾವುದು ಹೇಳಿ.

ಅದುವರೆಗೆ ನಾವು ಮೂವರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆವು. ವೇದಿಕೆ ಮೇಲೆ 'ನಾವು ದಲಿತರು' ಅಂತ ಭಾಷಣ ಮಾಡುತ್ತಿದ್ದೆವು. ಆ ವಾರ ಮೇಷ್ಟ್ರು ಹೊಲೆಯ ಅಂತ ಬರೆಸಿದರು, ಅಕ್ಕ ಮಾದಿಗ ಅಂತ ಬರೆಸಿದರು, ಹುಡುಗ ಭೋವಿ ಅಂತ ಬರೆಸಿದ. ಮುಂದಿನ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಸೇರಿದಾಗ ಒಬ್ಬರ ಮುಖ ಒಬ್ಬರು ಹೊಸದಾಗಿ ನೋಡಿದಂತಾಯಿತು. ಮೇಷ್ಟ್ರಿಗೆ ಸಮಾಧಾನ ಇರಲಿಲ್ಲ. "ನಲವತ್ತು ವರ್ಷ ಒಂದು ಅಂತ ಕಟ್ಟಿದ್ದನ್ನ ಒಂದು ಆ್ಯಪು ಮೂರು ಮಾಡ್ತು" ಅಂದರು. ಅಕ್ಕ ಜಗಳ ಆಡಲಿಲ್ಲ. "ಒಂದು ಅಂತ ಯಾರು ಹೇಳ್ತಿದ್ರು ಮೇಷ್ಟ್ರೇ? ಬಡಿಸೋರಾ, ಎಲೆ ಮುಂದೆ ಕುಂತೋರಾ?" ಅಂತ ಕೇಳಿದರು. ಮೇಷ್ಟ್ರು ಉತ್ತರ ಕೊಡಲಿಲ್ಲ. ಬಸ್ಸು ಬಂತು, ಹತ್ತಿದೆವು.

ಅದೇ ತಿಂಗಳ 21ರ ಬೆಳಿಗ್ಗೆ ಒಂದು ಒಳ್ಳೇ ಸುದ್ದಿ. ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದಕ್ಕೆ, ಅಂತಾರಾಷ್ಟ್ರೀಯ ಬೂಕರ್ ಬಂದಿತ್ತು. ಬಂಡಾಯದ ಪುಟಗಳಲ್ಲಿ ಬೆಳೆದ ಹೆಣ್ಣುಮಗಳು ಲಂಡನ್ನಿನಲ್ಲಿ ನಿಂತಿದ್ದರು. ಮೂರು ಜನವೂ ಎಲ್ಲ ಮರೆತು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ತಿಂದೆವು. ಸೆಪ್ಟೆಂಬರಿನಲ್ಲಿ ಅವರು ದಸರಾ ಉದ್ಘಾಟನೆ ಮಾಡಬಾರದು ಅಂತ ಕೆಲವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ಅರ್ಜಿ ತಳ್ಳಿಹಾಕಿತು, 22ರಂದು ಉದ್ಘಾಟನೆ ಆಯಿತು. ನಮ್ಮ ದೇಶದಲ್ಲಿ ಪ್ರಶಸ್ತಿ ಬಂದರೂ ಬಾಗಿಲಲ್ಲಿ ನಿಲ್ಲಿಸಿ ನೀನು ಯಾರು ಅಂತ ಕೇಳುವುದು ತಪ್ಪುವುದಿಲ್ಲ. 2019ರಲ್ಲಿ ನಮ್ಮ ಚಿತ್ರದುರ್ಗದ ಸಂಸದರನ್ನೇ, ದಲಿತರು ಅಂತ, ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಹೊರಗೆ ನಿಲ್ಲಿಸಿದ್ದರಲ್ಲ.

*

ಆಗಸ್ಟ್ 19ಕ್ಕೆ ರಾಜ್ಯ ಸಂಪುಟ ತೀರ್ಮಾನ ಮಾಡಿತು: ಹದಿನೇಳರಲ್ಲಿ ಎಡಗೈಗೆ ಆರು, ಬಲಗೈಗೆ ಆರು, ಲಂಬಾಣಿ, ಭೋವಿ, ಕೊರಮ, ಕೊರಚ ಮತ್ತು ಅಲೆಮಾರಿಗಳಿಗೆ ಸೇರಿ ಐದು. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟಿನ ತೀರ್ಪು ಇದಕ್ಕೆ ದಾರಿ ಬಿಟ್ಟಿತ್ತು. ಅಲೆಮಾರಿಗಳು, ನಮ್ಮನ್ನು ದೊಡ್ಡವರ ಜೊತೆ ಒಂದೇ ಗೂಡಿಗೆ ತುಂಬಿದಿರಿ ಅಂತ ಬೀದಿಗಿಳಿದರು. ಅವರ ಮಾತೂ ನ್ಯಾಯವೇ. ಇದಾದ ಮುಂದಿನ ಭಾನುವಾರ ನಾವು ಹೊಸದುರ್ಗಕ್ಕೆ ಹೋದೆವು.

ಹೊಸದುರ್ಗ ಅಂದರೆ ತೆಂಗು. ಗುಡ್ಡಗಳ ಮೇಲೆ ಸಾಲಾಗಿ ಗಾಳಿ ಗಿರಣಿಗಳು. ಅವುಗಳ ನೆರಳು ಹೊಲದ ಮೇಲೆ ಬಂದು ಹೋಗಿ, ಬಂದು ಹೋಗಿ ಮಾಡುತ್ತದೆ. ಆ ಗುಡ್ಡದ ಕೆಳಗಿನ ಒಂದು ಊರು. ಪಟ್ಟಿಯ ಇಪ್ಪತ್ತೇಳನೇ ಹೆಸರು, ಮೆಟ್ಟು ಹೊಲಿಯುತ್ತಿದ್ದವರು. ಅವರು ಹೋಗಿ ಹನ್ನೆರಡು ವರ್ಷವಾಗಿತ್ತು. ಹೆಂಡತಿ ಇದ್ದರು. ಕಣ್ಣು ಮಂಜು, ಕಿವಿ ಚುರುಕು. ಮೇಷ್ಟ್ರ ದನಿ ಕೇಳಿದ ಕೂಡಲೇ, "ಸೈಕಲ್ ಮೇಷ್ಟ್ರಲ್ವಾ?" ಅಂದರು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

ಅಜ್ಜಿ ನೆನಪು ಮಾಡಿಕೊಂಡು ಹೇಳಿದರು: "ಇಬ್ರು ಬರ್ತಿದ್ರಿ. ಆ ಬೇವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿ ಪುಸ್ತಕ ಕೊಡ್ತಿದ್ರಿ. ಒಳ್ಳೊಳ್ಳೆ ಮಾತಾಡ್ತಿದ್ರಿ. ನಮ್ ಯಜಮಾನ್ರು ಬರ್ರಿ ಒಳಗೆ ಅಂದ್ರೆ, ಹೊತ್ತಾತು ಅಂತಿದ್ರಿ. ಅಂಥಾ ಬಿಸಲಾಗೆ ಅಷ್ಟು ದೂರ ತುಳ್ಕಂಡು ಬಂದೋರು, ಒಂದಿನಾನಾರ ನೀರು ಕೇಳಲಿಲ್ಲ ನೋಡು."

ಆಕೆ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರಲಿಲ್ಲ ಅನ್ನುವ ಹಾಗೆ ಹೇಳಿದರು. "ನಾವೇ ಕೊಡಾನ ಅಂದ್ರೆ, ಬ್ಯಾಡ ಅಂದ್ಬಿಟ್ರೆ ಅಂತ ನಮ್ ಯಜಮಾನ್ರಿಗೆ ಅಂಜಿಕೆ. ಅವ್ರೂ ನಮ್ಮೋರೇ ಅಂತಾರೆ, ಯಾಕೆ ಪರೀಕ್ಷೆ ಮಾಡಾದು ಅಂತಿದ್ರು."

ಮೇಷ್ಟ್ರು ನೆಲ ನೋಡಿದರು. ಅವರ ಊರಿನಲ್ಲಿ ಹೊಲೆಗೇರಿಯ ಬಾವಿ ಬೇರೆ, ಮಾದಿಗರ ಕೇರಿಯ ಬಾವಿ ಬೇರೆ ಇತ್ತು. ಊರವರು ನಮಗೆ ಮೇಲಿನಿಂದ ನೀರು ಸುರಿಯುತ್ತಾರೆ ಅಂತ ಕವಿತೆ ಬರೆದವರು, 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿದ್ದನ್ನು ಸಭೆಸಭೆಯಲ್ಲಿ ಹೇಳಿದವರು, ಬೇವಿನ ಮರ ದಾಟಿ ಹತ್ತು ಹೆಜ್ಜೆ ಒಳಗೆ ಹೋಗಲಿಲ್ಲ. ಬೇಕಂತ ಮಾಡಿದ್ದಲ್ಲ, ಗೊತ್ತೇ ಆಗಲಿಲ್ಲ ಅಂತ ಮೇಷ್ಟ್ರು ಆಮೇಲೆ ಹೇಳಿದರು. ಗೊತ್ತಾಗದ ಹಾಗೆ ಮಾಡುವುದೇ ಅಲ್ಲವೇ ಜಾತಿಯ ಕೆಲಸ? ನಾವು ಈ ಮಾತನ್ನು ಮೇಷ್ಟ್ರೊಬ್ಬರ ಮೇಲೆ ಹಾಕುತ್ತಿಲ್ಲ. ನಮ್ಮ ಹುಡುಗನ ಮನೆಯಲ್ಲೂ ಅಕ್ಕನಿಗೆ ಮೊದಲ ಸಲ ಟೀ ಕೊಟ್ಟಿದ್ದು ಪೇಪರ್ ಲೋಟದಲ್ಲಿ. ಅಕ್ಕನ ಕೇರಿಯವರು ತಮಗಿಂತ ಕೆಳಗೆ ಅಂತ ಇನ್ನೊಬ್ಬರನ್ನು ದೂರ ಇಟ್ಟಿದ್ದಾರೆ. ಅದನ್ನು ಅಕ್ಕನೇ ಹೇಳಿಕೊಂಡರು.

"ಈಗ ಕೇಳ್ತೀನವ್ವಾ, ನೀರು ಕೊಡು" ಅಂದರು ಮೇಷ್ಟ್ರು. ಅಜ್ಜಿ ತಡಕಾಡಿಕೊಂಡು ಎದ್ದು ಹೋಗಿ, ಗಡಿಗೆಯಿಂದ ಮೊಗೆದು, ಬೆಲ್ಲದ ಚೂರಿನ ಜೊತೆ ತಂದುಕೊಟ್ಟರು. ಮೇಷ್ಟ್ರು ಕುಡಿದರು, ನಾವೂ ಕುಡಿದೆವು. ನಲವತ್ತೆರಡು ವರ್ಷ ತಡವಾಗಿ. ಕುಡಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗಲಿಲ್ಲ ಅಂತ ನಮಗೆ ಗೊತ್ತು. ಆ ಯಜಮಾನರು ಅಂಜಿಕೆ ಹೊತ್ತುಕೊಂಡೇ ಹೋದರಲ್ಲ.

ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ತಾವಾಗಿಯೇ ಅಂದರು: "ಆರು ಆರು ಐದು ಯಾಕೆ ಬೇಕಾಯ್ತು ಅಂತ ಇವತ್ತು ಗೊತ್ತಾತು ಕಣಕ್ಕಾ. ಒಡೆದಿದ್ದು ಆ್ಯಪಲ್ಲ." ಅಕ್ಕ ಏನೂ ಅನ್ನದೆ ಚೀಲದಿಂದ ಕಡಲೇಕಾಯಿ ತೆಗೆದು ಅವರ ಕೈಗೆ ಹಾಕಿದರು.

*

ಹೊಳಲ್ಕೆರೆ ಕೊನೆಯದು. ಅಕ್ಟೋಬರ್ ಕೊನೆ, ಮೆಕ್ಕೆಜೋಳದ ತೆನೆ ರಸ್ತೆಯ ಮೇಲೆಲ್ಲ ಹರಡಿತ್ತು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದು ಹಳ್ಳಿಗಳಿಗೆ ನಡೆದೆವು. ಆರರಲ್ಲಿ ಮೂರು ಮನೆಗೆ ಬೀಗ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ಹಬ್ಬಕ್ಕೆ ಬರುತ್ತಾರಂತೆ. ಒಂದು ಊರಿನ ಹೋಟೆಲಿನಲ್ಲಿ ಪೇಪರ್ ಲೋಟದಲ್ಲಿ ಟೀ ಕೊಟ್ಟರು. "ಈಗ ಎಲ್ಲಾರಿಗೂ ಒಂದೇ ಲೋಟ ಸಾರ್, ಜಾತಿಗೀತಿ ಏನಿಲ್ಲ" ಅಂದ ಹೋಟೆಲಿನವನು. ಹಿಂದೆ ಕೇರಿಯವರ ಲೋಟ ಹೊರಗಡೆ ಗೂಡಿನಲ್ಲಿ ಇರುತ್ತಿತ್ತು, ಕುಡಿದವರೇ ತೊಳೆದಿಡಬೇಕಿತ್ತು. ಈಗ ಎಲ್ಲರೂ ಕುಡಿದು ಬಿಸಾಕುತ್ತಾರೆ. ಲೋಟ ಮಾತ್ರ ಹೋಗಿದೆ. ಅದೇ ಊರಿನ ಕ್ಷೌರದಂಗಡಿಯಲ್ಲಿ ಕೇರಿಯ ಹುಡುಗರಿಗೆ ಕತ್ತರಿ ಆಡುವುದಿಲ್ಲ, ಅವರು ಹೊಳಲ್ಕೆರೆಗೆ ಬಂದು ಕಟಿಂಗ್ ಮಾಡಿಸುತ್ತಾರೆ.

ಆದರೆ ಅಲ್ಲೇ ಒಂದು ಸರ್ಕಾರಿ ಶಾಲೆಯಲ್ಲಿ ಒಬ್ಬ ಟೀಚರಮ್ಮ ಸಿಕ್ಕಿದರು. ಪಟ್ಟಿಯ ಮೂವತ್ತನಾಲ್ಕನೇ ಹೆಸರಿನವರ ಮಗಳು. ಅಪ್ಪ ತರಿಸಿದ ಪತ್ರಿಕೆಗಳನ್ನೆಲ್ಲ ದಾರದಲ್ಲಿ ಹೊಲಿದು ಶಾಲೆಯ ಬೀರುವಿನಲ್ಲಿ ಇಟ್ಟಿದ್ದಾರೆ. ನಮ್ಮ ಗೋಣಿಚೀಲದಲ್ಲಿ ಗೆದ್ದಲು ತಿಂದಿದ್ದ ಸಂಚಿಕೆಗಳು ಅಲ್ಲಿ ಇಡಿಯಾಗಿ ಇದ್ದವು. "ಐದನೇ ಕ್ಲಾಸಿನ ಮಕ್ಕಳ ಕೈಲಿ ಓದಿಸ್ತೀನಿ ಸಾರ್. ಅರ್ಥ ಆಗಲ್ಲ ಅಂತಾವೆ. ಆಗೋ ತನಕ ಓದ್ರಿ ಅಂತೀನಿ" ಅಂದರು. ಅವರ ಮನೆಯಲ್ಲಿ ಊಟ ಮಾಡಿದೆವು. ನೀರು ನಾವೇ ಕೇಳಿ ಕುಡಿದೆವು.

ಡಿಸೆಂಬರಿನಲ್ಲಿ ಕೂತು ಲೆಕ್ಕ ಹಾಕಿದೆವು. ಮೂವತ್ತೇಳರಲ್ಲಿ ಬದುಕಿ ಸಿಕ್ಕವರು ಹನ್ನೊಂದು. ತೀರಿಹೋದವರು ಹದಿನೈದು. ಊರು ಬಿಟ್ಟವರು ಏಳು. ಗೊತ್ತೇ ಆಗದವರು ನಾಲ್ಕು. 'ಕೊಟ್ಟಿಲ್ಲ, ಕೇಳಬಾರದು' ಅಂತ ಇದ್ದವರು ಆ ನಾಲ್ವರಲ್ಲಿ ಒಬ್ಬರು.

ಹೊಸ ಖಾತೆ ಪುಸ್ತಕ ತಂದಿದ್ದೇವೆ. ಮಕ್ಕಳ, ಮೊಮ್ಮಕ್ಕಳ ಹೆಸರು ಬರೆಯುತ್ತಿದ್ದೇವೆ. ಹೆಸರು, ಊರು, ಫೋನ್ ನಂಬರು, ಕೊಟ್ಟ ಹಣ. ಅಕ್ಕ ಇನ್ನೊಂದು ಗೆರೆ ಹೊಡೆದು ಐದನೇ ಕಾಲಂ ಮಾಡಿದ್ದಾರೆ: 'ಮನೆಯೊಳಗೆ ಹೋಗಿ ನೀರು ಕುಡಿದೆವೇ?' ಸದ್ಯಕ್ಕೆ ಇಪ್ಪತ್ತಮೂರು ಹೆಸರಿವೆ. ಹತ್ತೊಂಬತ್ತರ ಮುಂದೆ ಹೌದು ಅಂತ ಇದೆ. ನಾಲ್ಕರ ಮುಂದೆ ಇನ್ನೂ ಖಾಲಿ.

ಗೆಳೆಯರೆ, ನಿಮ್ಮ ತಾಲ್ಲೂಕಿನಲ್ಲೂ ಇಂಥದೊಂದು ಹಳೇ ಪಟ್ಟಿ ಯಾರದೋ ಅಟ್ಟದ ಮೇಲೆ ಇರುತ್ತದೆ. ಹುಡುಕಿ. ಹೋಗಿ ಬನ್ನಿ. ಬೇವಿನ ಮರದ ಕೆಳಗೆ ನಿಂತು ಬರಬೇಡಿ.